ಪೆಟ್ಟಿಗೆ ಅಲೆಕ್ಸನ ‘ಆಯ್ತು’

ಎಲ್ಲದಕ್ಕೂ ಕಾರಣ ಅಲೆಕ್ಸಾಂಡರನ ಹೆಬ್ಬೆರಳು. ವರ್ಷಾನುಗಟ್ಟಲೆ ಸುತ್ತಿಗೆಯ ಪೆಟ್ಟು ತಿಂದೂ ತಿಂದೂ ಅದು ಮಟ್ಟುಗುಳ್ಳ ಬದನೆಯ ಹಾಗೆ ಉರುಟಾಗಿ ಊದಿಕೊಂಡಿತ್ತು. ಮೊಳೆ ಹೊಡೆಯುವಾಗ ಅದರಿಂದ ತೊಂದರೆಯೇನೂ ಇರಲಿಲ್ಲ. ಆದರೆ ಎರಡು ಸಾವಿರದ ಎಂಟರ ಹೊತ್ತಿಗೆ ಕಾಪುವಿನಲ್ಲಿ ಮೀನಿನ ಬುಟ್ಟಿ ಹೊತ್ತವರ ಸೊಂಟದಲ್ಲೂ ಮೊಬೈಲು ಬಂದಾಗ ಅಲೆಕ್ಸಾಂಡರನೂ ಒಂದನ್ನು ಕೊಂಡ. ಅದರ ಗುಂಡಿಗಳು ಹೆಸರುಕಾಳಿನಷ್ಟು. ಅವನು ಒಂದನ್ನು ಒತ್ತಿದರೆ ನೆರೆಮನೆಯ ಎರಡೂ ಒತ್ತಿಹೋಗುತ್ತಿದ್ದವು.

ಅಲೆಕ್ಸಾಂಡರ ಬಡಗಿ. ಬಾಗಿಲು, ಕಿಟಕಿಯನ್ನೂ ಮಾಡುತ್ತಿದ್ದ; ಆದರೆ ಹೆಸರು ನಿಂತದ್ದು ಶವಪೆಟ್ಟಿಗೆಯಲ್ಲಿ. ಕಾಪುವಿನಿಂದ ಪಡುಬಿದ್ರಿಯವರೆಗೆ ಯಾವ ಕ್ರಿಶ್ಚಿಯನ್ ಮನೆಯಲ್ಲಿ ಯಾರು ಕಣ್ಣು ಮುಚ್ಚಿದರೂ ಇಗರ್ಜಿಯ ಗಂಟೆ ಬಾರಿಸುವ ಮೊದಲೇ ‘ಪೆಟ್ಟಿಗೆ ಅಲೆಕ್ಸ’ನಿಗೆ ಸುದ್ದಿ ಮುಟ್ಟುತ್ತಿತ್ತು. ಕೆಲಸ ಅಚ್ಚುಕಟ್ಟು, ಮನುಷ್ಯ ಮೃದು. ಎಷ್ಟು ಮೃದು ಎಂದರೆ ‘ಬೇಡ’ ಎಂಬ ಮಾತೇ ಅವನ ನಾಲಗೆಗೆ ಹತ್ತುತ್ತಿರಲಿಲ್ಲ. ದುಃಖದಲ್ಲಿ ಇದ್ದವರಿಗೆ ಇಲ್ಲ ಎನ್ನಬಾರದು ಎಂದು ಅವನ ಅಪ್ಪ ಹೇಳಿಕೊಟ್ಟಿದ್ದರು. ಅಲೆಕ್ಸ ಅದನ್ನು ಸುಖದಲ್ಲಿ ಇದ್ದವರಿಗೂ ಹಚ್ಚಿಬಿಟ್ಟಿದ್ದ. ಯಾರು ಏನು ಕೇಳಿದರೂ ಅವನದು “ಆಯ್ತು.” ಊಟದ ಪಂಕ್ತಿಯಲ್ಲಿ ಬಡಿಸುವವರು ಮತ್ತೆ ಸೌಟು ತಂದಾಗಲೂ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು “ಆಯ್ತು, ಆಯ್ತು” ಎನ್ನುತ್ತಿದ್ದ. ಹೊಟ್ಟೆ ತುಂಬಿತು, ಇನ್ನು ಸಾಕು ಎಂದು ಅದರ ಅರ್ಥ. ಅಂಗೈ ನೋಡಿ ಎಲ್ಲರಿಗೂ ತಿಳಿಯುತ್ತಿತ್ತು.

ಇಂಥವನಿಗೆ ನಲ್ವತ್ತು ದಾಟಿದರೂ ಮದುವೆ ಆಗಿರಲಿಲ್ಲ. ಹುಡುಗ ಒಳ್ಳೆಯವನು, ಮನೆ ಸ್ವಂತದ್ದು ಎಂಬಲ್ಲಿವರೆಗೆ ಮಾತು ಚೆನ್ನಾಗಿ ಸಾಗುತ್ತಿತ್ತು. “ಕೆಲಸ ಎಂತದ್ದು?” ಎಂದು ಕೇಳಿ ಉತ್ತರ ಸಿಕ್ಕಿದ ಕೂಡಲೇ ಹೆಣ್ಣಿನ ಕಡೆಯವರು ಕಾಫಿಯ ಲೋಟ ಕೆಳಗಿಟ್ಟು ಬಸ್ಸಿನ ಹೊತ್ತು ನೋಡುತ್ತಿದ್ದರು. ಕೊನೆಗೆ ಪಕ್ಕದ ಮನೆಯ, ಊರಿಗೆಲ್ಲ ಚಿಕ್ಕಮ್ಮನಾದ ತೆರೆಸಾ ಮಾವ್ಶಿ ಕಾರ್ಕಳದ ಒಂದು ಸಂಬಂಧ ತಂದರು. ಹುಡುಗಿ ವೆರೊನಿಕಾ, ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸು. ನೋಡಲು ಹೋದಾಗ ಅವಳೇ, “ಪೆಟ್ಟಿಗೆ ಅಂದರೆ ನನಗೆ ಹೆದರಿಕೆ ಇಲ್ಲ. ನಾನು ಅದಕ್ಕಿಂತ ಮೊದಲಿನ ಕೆಲಸ ಮಾಡುವವಳು” ಎಂದಿದ್ದಳು. ಅಲೆಕ್ಸ ಅಂದಿನಿಂದ ಮರಕ್ಕೆ ರಂದ ಹೊಡೆದಾಗ ಬೀಳುವ ಹೊಟ್ಟಿನ ಸುರುಳಿಯಲ್ಲೂ ಅವಳ ಮುಂಗುರುಳನ್ನೇ ನೋಡುತ್ತಿದ್ದ.

ಆ ಶುಕ್ರವಾರ ಸಂಜೆ, ಡ್ಯೂಟಿ ಬಿಟ್ಟ ಮೇಲೆ, ವೆರೊನಿಕಾ ತಾನೇ ಫೋನು ಮಾಡಿ ತನ್ನ ತೀರ್ಮಾನ ಹೇಳುವುದೆಂದು ಆಗಿತ್ತು.

ಬೆಳಿಗ್ಗೆ ಅಲೆಕ್ಸ ಗಡ್ಡ ಕೆರೆದು, ಒಳ್ಳೆಯ ಅಂಗಿ ತೊಟ್ಟು, ಫೋನಿಗೆ ಪೂರ್ತಿ ಚಾರ್ಜು ಕೊಟ್ಟು ತನ್ನ ಕೆಲಸದ ಕೊಟ್ಟಿಗೆಯಲ್ಲಿ ಕುಳಿತಿದ್ದ. ಅಷ್ಟರಲ್ಲಿ ತೆರೆಸಾ ಮಾವ್ಶಿ ಕಂಪೌಂಡಿನ ಆಚೆಯಿಂದ ಸುಂಟರಗಾಳಿಯ ಹಾಗೆ ಬಂದರು.

“ಅಲೆಕ್ಸಾ! ನಿನ್ನ ಫೋನಿನಲ್ಲಿ ಎಂತ ಹಾಡು ಪುತಾ ಅದು?”

“ಯಾವ ಹಾಡು ಮಾವ್ಶಿ?”

ಮಾವ್ಶಿ ಈವರೆಗೆ ಅವನಿಗೆ ಫೋನು ಮಾಡಿದವರಲ್ಲ. ಗೋಡೆಯ ಮೇಲಿಂದ ಕೂಗಿದರೆ ಆಯಿತು. ಇವತ್ತು ಮಾತ್ರ, ಸಂಜೆಯ ಕರೆಗೆ ಫೋನು ಸರಿ ಉಂಟಾ ಎಂದು ನೋಡಲು ಅವನು ಬಚ್ಚಲಿನಲ್ಲಿ ಇದ್ದಾಗ ತಮ್ಮ ಮನೆಯ ಫೋನಿನಿಂದ ಒಂದು ಸಲ ಮಾಡಿದ್ದರು. ಈಗ ಅವರು ಎರಡೂ ಕೈ ಎತ್ತಿ ಹಾಡಿಯೇ ತೋರಿಸಿದರು.

“‘ಏಳ ಏಳ ಗೆಳತಿ, ಎಷ್ಟೊತ್ತು ಮಲಗತಿ, ಎದ್ದು ಬಂದು ಕುಣಿಯ ಬಾರ!’ ಸಾಯ್ಬಾ! ಹಿಂದಿನಿಂದ ಡೋಲು ಬೇರೆ. ಮನೆಯಲ್ಲಿ ಸತ್ತವರನ್ನು ಮಲಗಿಸಿಕೊಂಡು ನಿನಗೆ ಫೋನು ಮಾಡಿದವರಿಗೆ ಇದು ಕೇಳಿಸಬೇಕಾ?”

ಅಲೆಕ್ಸನ ಮುಖ ಸುಣ್ಣವಾಯಿತು. ಫೋನು ಮಾಡಿದವರಿಗೆ ಕೇಳುವ ಹಾಡು ಫೋನಿನ ಯಜಮಾನನಿಗೆ ಕೇಳುವುದಿಲ್ಲ, ತನ್ನ ಗೊರಕೆ ತನಗೆ ಕೇಳದ ಹಾಗೆ. ಮೂರು ತಿಂಗಳಿಂದ ಹಾಕಿದ ಕರೆನ್ಸಿ ಯಾಕೆ ಕರ್ಪೂರದ ಹಾಗೆ ಕರಗುತ್ತಿದೆ, ಪೆಟ್ಟಿಗೆಗೆ ಬಂದವರು ಯಾಕೆ ತುಟಿ ಕಚ್ಚಿಕೊಂಡು ನಿಲ್ಲುತ್ತಾರೆ ಎಂದು ಅವನಿಗೆ ಆಗ ಹೊಳೆಯಿತು.

“ಆ ಹಾಡು ನಂದರೀ ಅಣ್ಣಾರ!” ಎಂದು ಮೂಲೆಯಲ್ಲಿ ಹಲಗೆಗೆ ರಂದ ಹೊಡೆಯುತ್ತಿದ್ದ ಗುರಲಿಂಗಪ್ಪ ಹಲ್ಲು ಬಿಟ್ಟ. ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಅಲೆಕ್ಸನ ಕೊಟ್ಟಿಗೆಯಲ್ಲಿ ನೆಲೆ ನಿಂತ ಆಳು ಅವನು. “ನನಗ ಫೋನ್ ಹಚ್ಚಿದಾಗ ಕೇಳಿರಬೇಕ್ರಿ. ‘ಈ ಹಾಡು ನಿಮಗೂ ಬೇಕಂದ್ರ ಸ್ಟಾರ್ ಒತ್ತರಿ’ ಅಂತ ಫೋನಿನ್ಯಾಗಿನ ಅಕ್ಕಾರು ಹೇಳ್ತಾರಲ್ರಿ, ನೀವು ಒತ್ತೀರಿ.”

“ನಾನು ಕಟ್ ಮಾಡಲಿಕ್ಕೆ ಹೋದದ್ದು ಮಾರಾಯ!”

“ಹಂಗಾರ ನಿಮ್ಮ ಬಟ್ಟು ಒತ್ತೈತ್ರಿ.”

ಎಲ್ಲರೂ ಹೆಬ್ಬೆರಳನ್ನು ನೋಡಿದರು. ಅದು ತಪ್ಪಿತಸ್ಥನ ಹಾಗೆ ಕೆಂಪಗೆ ನಿಂತಿತ್ತು.

“ನೋಡು ಪುತಾ,” ಎಂದರು ಮಾವ್ಶಿ. “ಸಂಜೆ ಆ ಹುಡುಗಿ ಫೋನು ಮಾಡುವಾಗ ಈ ಹಾಡು ಬಂತು ಅಂತಾದರೆ ನಿನ್ನ ಮದುವೆಯನ್ನು ನಿನ್ನದೇ ಪೆಟ್ಟಿಗೆಯಲ್ಲಿ ಹಾಕಿ ಮೊಳೆ ಹೊಡೆದ ಹಾಗೆ. ಅಷ್ಟರಲ್ಲಿ ತೆಗೆಸು.”

“ಆಯ್ತು ಮಾವ್ಶಿ,” ಎಂದ ಅಲೆಕ್ಸ.

ಕಂಪೆನಿಗೆ ಫೋನು ಹಚ್ಚಿದ. ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದಿತು. ಹೆಬ್ಬೆರಳು ಒಂದನ್ನೂ ನಾಲ್ಕನ್ನೂ ಸೇರಿಸಿ ಒತ್ತಿತು. ಸ್ವಲ್ಪ ಹೊತ್ತು ಬಂಗಾಳಿಯೋ ಒರಿಯಾವೋ ಕೇಳಿ, ಮತ್ತೆ ಮೊದಲಿನಿಂದ ಸುರು ಮಾಡಿ, ಗುರಲಿಂಗಪ್ಪನ ಕಿರುಬೆರಳಿನ ಸಹಾಯದಿಂದ ಕೊನೆಗೆ ಒಬ್ಬಳು ಹುಡುಗಿಯ ಸ್ವರ ಸಿಕ್ಕಿತು. ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಸ್ವರ.

“ನಮಸ್ಕಾರ ಸರ್. ತಮ್ಮ ಹಾಡಿನ ಸೇವೆಯ ಅವಧಿ ಇಂದಿಗೆ ಮುಗಿಯುತ್ತಿದೆ. ಇನ್ನೊಂದು ತಿಂಗಳಿಗೆ ಮುಂದುವರಿಸೋಣವೇ?”

ಅಲೆಕ್ಸನ ಕಣ್ಣಿಗೆ ಅವಳು ಸೌಟು ಹಿಡಿದು ನಿಂತ ಹಾಗೆಯೇ ಕಂಡಳು. ಅವನು ಅಂಗೈ ಅಡ್ಡ ಹಿಡಿದು, “ಆಯ್ತು, ಆಯ್ತು” ಎಂದ.

ಫೋನಿನಲ್ಲಿ ಅಂಗೈ ಕಾಣುವುದಿಲ್ಲ.

“ಧನ್ಯವಾದಗಳು ಸರ್, ಮುಂದುವರಿಸಲಾಗಿದೆ. ಇದರೊಂದಿಗೆ ದಿನನಿತ್ಯದ ಪ್ರೇಮ ಸಲಹೆಯ ಸಂದೇಶಗಳನ್ನೂ ಕಳುಹಿಸಲೇ?”

“ಅಯ್ಯೋ, ಆಯ್ತು ಮಾರಾಯ್ತಿ, ಆಯ್ತು!”

“ಧನ್ಯವಾದಗಳು ಸರ್. ಶುಭದಿನ.”

ಅಲೆಕ್ಸ ಬೆವರು ಒರೆಸಿಕೊಂಡು ಎಲ್ಲ ಮುಗಿಯಿತು ಎಂದುಕೊಂಡ. ಆಗ ಅಂಗಳದಲ್ಲಿ ಒಂದು ಜೀಪು ಬಂದು ನಿಂತಿತು. ಇಳಿದವನು ಪಡುಬಿದ್ರಿಯ ಕಾರ್ಲ್ಟನ್. ತೋಳಿಗೆ ಕಪ್ಪು ಪಟ್ಟಿ, ಮುಖದಲ್ಲಿ ಕೆಂಡ.

“ಅಲೆಕ್ಸ್, ನಮ್ಮ ಅಜ್ಜಿ ಹೋದರು. ತೊಂಬತ್ತಾರು ವರ್ಷ. ಈಗ ನಿನಗೆ ಫೋನು ಮಾಡಿದೆ. ಎಂಗೇಜ್ ಬಂತು. ಅದಕ್ಕಿಂತ ಮೊದಲು ಬೆಳ್ಳಂಬೆಳಿಗ್ಗೆಯೂ ಮಾಡಿದೆ, ಆಗ ನೀನು ಎತ್ತಲಿಲ್ಲ. ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದ್ದೆ. ಅಜ್ಜಿಯ ತಲೆಯ ಹತ್ತಿರವೇ ನಿಂತಿದ್ದೆ. ಎಂತ ಹಾಡಿತು ಗೊತ್ತುಂಟಾ ನಿನ್ನ ಫೋನು?”

“ಗೊತ್ತುಂಟು,” ಎಂದ ಅಲೆಕ್ಸ, ನೆಲ ನೋಡುತ್ತ.

“‘ಎಷ್ಟೊತ್ತು ಮಲಗತಿ’ ಅಂತೆ! ನಮ್ಮ ಮಮ್ಮಿ ನಗೆ ತಡೆಯಲಿಕ್ಕೆ ಆಗದೆ ಸೆರಗು ಬಾಯಿಗೆ ತುರುಕಿಕೊಂಡು ಮೈ ಕುಲುಕಿಸಿದರು. ದುಃಖ ತಡೆಯಲಿಲ್ಲ ಅಂತ ತಿಳಿದು, ನೆರೆದ ಹೆಂಗಸರೆಲ್ಲ ಅವರನ್ನು ತಬ್ಬಿಕೊಂಡು ಜೋರು ಅತ್ತರು. ಅವರು ಅತ್ತಷ್ಟೂ ಮಮ್ಮಿಗೆ ನಗೆ. ಫಾದರ್ ಬಂದು ಮಮ್ಮಿಯನ್ನು ಒಳಗೆ ಕರೆದುಕೊಂಡು ಹೋಗಬೇಕಾಯಿತು. ಆಮೇಲೆ ಒಳಗಿನಿಂದ ಫಾದರ್ ಕೂಡ ಹೊರಗೆ ಬರಲಿಲ್ಲ.”

ಅಷ್ಟರಲ್ಲಿ ಅಲೆಕ್ಸನ ಫೋನು ‘ಟಿಣ್’ ಎಂದಿತು. ಸಂದೇಶ. ಸಿಟ್ಟಿನಲ್ಲಿದ್ದ ಕಾರ್ಲ್ಟನ್ ಫೋನು ಕಿತ್ತುಕೊಂಡು ಗಟ್ಟಿಯಾಗಿ ಓದಿದ. “ಇಂದಿನ ಪ್ರೇಮ ಸಲಹೆ: ನಿಮ್ಮ ಕೈಯಾರೆ ಮಾಡಿದ ಒಂದು ಉಡುಗೊರೆ ಕೊಟ್ಟು ಅವಳನ್ನು ಬೆರಗುಗೊಳಿಸಿ.”

ಅವನ ಕಣ್ಣು ಗೋಡೆಗೆ ಒರಗಿಸಿಟ್ಟಿದ್ದ ಪೆಟ್ಟಿಗೆಗಳ ಮೇಲೆ ಹೋಯಿತು. ತುಟಿ ಅದುರಿತು. ಅವನೂ ಅಮ್ಮನ ಮಗನೇ. ಕರವಸ್ತ್ರ ಬಾಯಿಗೆ ಒತ್ತಿಕೊಂಡು, ಕೈಸನ್ನೆಯಲ್ಲೇ ಒಂದು ಪೆಟ್ಟಿಗೆ ತೋರಿಸಿ, ಜೀಪಿಗೆ ಹಾಕಿಸಿಕೊಂಡು ಹೋದ.

ಜೀಪಿನ ಗಲಾಟೆಗೆ ಎದುರಿನ ಫ್ಯಾನ್ಸಿ ಅಂಗಡಿಯಿಂದ ಸರ್ವೋತ್ತಮ ರಾಯರು ಬಂದರು. ರಾಯರು ಊರಿನ ಬಳಕೆದಾರರ ಕೂಟದ ಅಧ್ಯಕ್ಷರು. ಕುಕ್ಕರಿನ ಒಂದು ರಬ್ಬರಿನ ಬಳೆಗಾಗಿ ಉಡುಪಿಯ ಬಳಕೆದಾರರ ಕೋರ್ಟಿಗೆ ಅಲೆದು ಗೆದ್ದು ಬಂದವರು. ಆ ಕುಕ್ಕರು ಈಗಲೂ ಅವರ ಗಲ್ಲಾದ ಪಕ್ಕದಲ್ಲಿ ಪಂದ್ಯದಲ್ಲಿ ಗೆದ್ದ ಕಪ್ಪಿನ ಹಾಗೆ ಕುಳಿತಿದೆ. ಕತೆ ಕೇಳಿ ಅವರ ಕಣ್ಣು ಹೊಳೆಯಿತು.

“ಇದು ಅನ್ಯಾಯ ಅಲೆಕ್ಸ, ಶುದ್ಧ ಅನ್ಯಾಯ! ಗಿರಾಕಿ ಬಾಯಿಬಿಟ್ಟು ಒಪ್ಪದೆ ಸೇವೆ ಅಂಟಿಸುವ ಹಾಗಿಲ್ಲ ಅಂತ ದೆಹಲಿಯಿಂದ ಅಪ್ಪಣೆ ಉಂಟು. ತಿಂಗಳು ಮುಗಿದ ಮೇಲೆ ಕೇಳದೆ ಮುಂದುವರಿಸುವ ಹಾಗೂ ಇಲ್ಲ. ನೀನು ಸುಮ್ಮನೆ ಕೂತರೆ ಅದು ಒಪ್ಪಿಗೆ ಅಲ್ಲ. ಸೇರಲಿಕ್ಕೆ ಒಂದು ಸ್ಟಾರು, ಬಿಡಲಿಕ್ಕೆ ಇಡೀ ದಿನವಾ? ಇದು ಎಂತ, ಹಲಸಿನ ಮೇಣವಾ?”

“ಈ ಸಲ ಕೇಳಿದ್ದಾರೆ ರಾಯರೇ. ನಾನು ಆಯ್ತು ಅಂದೆ.”

“ಯಾವ ಆಯ್ತು? ಸರಿ ಎನ್ನುವ ಆಯ್ತೋ, ಸಾಕು ಎನ್ನುವ ಆಯ್ತೋ?”

“ಸಾಕು ಎನ್ನುವ ಆಯ್ತು.”

“ಅದು ಅವಳಿಗೆ ಹೇಗೆ ಗೊತ್ತಾಗಬೇಕು ಮಾರಾಯ! ಕಾನೂನಿನಲ್ಲಿ ಆಯ್ತು ಇಲ್ಲ. ಬೇಕು, ಬೇಡ, ಎರಡೇ. ನೀನು ‘ಬೇಡ’ ಅನ್ನಬೇಕು. ಎಲ್ಲಿ, ಹೇಳು.”

“ಬೇ…” ಎಂದ ಅಲೆಕ್ಸ. ಮುಂದಿನ ಅಕ್ಷರ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು.

ಆಮೇಲೆ ಮಧ್ಯಾಹ್ನದವರೆಗೆ ಆ ಕೊಟ್ಟಿಗೆಯಲ್ಲಿ ನಡೆದದ್ದು ‘ಬೇಡ’ ಎನ್ನುವ ಪಾಠ. ತೆರೆಸಾ ಮಾವ್ಶಿ ಬಿಸಿ ಗೋಳಿಬಜೆಯ ತಟ್ಟೆ ತಂದು ಮೂಗಿನ ಹತ್ತಿರ ಹಿಡಿದರು. “ಬೇಕಾ ಪುತಾ?” ಅಲೆಕ್ಸ ಆಯ್ತು ಎಂದು ಎರಡು ತಿಂದ. ರಾಯರು ತಟ್ಟೆ ಕಸಿದುಕೊಂಡು ತಲೆ ಚಚ್ಚಿಕೊಂಡರು. ಗುರಲಿಂಗಪ್ಪ ಚಾ ತಂದ. “ಬೇಕೇನ್ರಿ ಅಣ್ಣಾರ?” ಅಲೆಕ್ಸ ಕಣ್ಣು ಮುಚ್ಚಿ, ಪೆಟ್ಟಿಗೆಯ ಅಂಚನ್ನು ಬಿಗಿಹಿಡಿದು, “ಬೇ…ಡ” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಳಿದ್ದಕ್ಕೆ ಬೇಸರವಾಗಿ ಅವನು ಗುರಲಿಂಗಪ್ಪನ ಕ್ಷಮೆ ಕೇಳಿದ.

ಆದರೆ ಒಮ್ಮೆ ಬಾಗಿಲು ತೆರೆದ ಮೇಲೆ ಬೇಡಗಳು ದನದ ಮಂದೆಯ ಹಾಗೆ ಬಂದವು. ಚಾ ಬೇಡ. ಬಜೆ ಬೇಡ. ಹೊಲಿಗೆ ಕಲಿಸುವ ಸಂಘದ ಚೀಟಿ ತಂದವಳಿಗೆ ಬೇಡ. ಹಲಸಿನ ಹಣ್ಣು ತಂದ ಭಾವನಿಗೂ ಬೇಡ. ನಲ್ವತ್ತು ವರ್ಷ ಹೊಟ್ಟೆಯಲ್ಲಿ ಕಟ್ಟಿ ಹಾಕಿದ್ದು ಒಟ್ಟಿಗೇ ಹೊರಬಿದ್ದಾಗ ಅಲೆಕ್ಸನಿಗೆ ಮೈ ಹಗುರವಾಯಿತು. ಇದರಲ್ಲಿ ಇಷ್ಟು ರುಚಿ ಉಂಟೆಂದು ಅವನಿಗೆ ಗೊತ್ತೇ ಇರಲಿಲ್ಲ.

“ಈಗ ಹಚ್ಚು ಫೋನು,” ಎಂದರು ರಾಯರು, ಹಳೆಯ ಪೈಲ್ವಾನ ಶಿಷ್ಯನನ್ನು ಅಖಾಡಕ್ಕೆ ಇಳಿಸುವ ಗತ್ತಿನಲ್ಲಿ.

ಮತ್ತೆ ಅದೇ ಬೆಣ್ಣೆಯ ಸ್ವರ. ಅಲೆಕ್ಸ ಒಂದೇ ಉಸಿರಿಗೆ, “ಹಾಡು ಬೇಡ, ಸಲಹೆ ಬೇಡ. ಇವತ್ತೂ ಬೇಡ, ನಾಳೆಯೂ ಬೇಡ” ಎಂದ.

“ತಮ್ಮ ಕೋರಿಕೆಯನ್ನು ಬರೆದುಕೊಂಡಿದ್ದೇವೆ ಸರ್. ಆದರೆ ಬೆಳಿಗ್ಗೆ ತಾವೇ ಒಪ್ಪಿದ್ದರಿಂದ, ಖಚಿತಪಡಿಸಲು ಸ್ವಲ್ಪ ಹೊತ್ತಿನಲ್ಲಿ ನಮ್ಮ ಇನ್ನೊಂದು ವಿಭಾಗದಿಂದ ತಮಗೆ ಕರೆ ಬರುತ್ತದೆ. ಅದರಲ್ಲಿ ಹೇಳಿದ್ದೇ ಅಂತಿಮ.”

ಫೋನು ಕೆಳಗಿಟ್ಟಾಗ ರಾಯರು ಬೆರಳು ಎತ್ತಿದರು. “ಮೋಸ ಇರುವುದೇ ಆ ಕರೆಯಲ್ಲಿ, ಅಲೆಕ್ಸ. ನಯವಾಗಿ ಕೇಳ್ತಾರೆ, ಮರುಳು ಮಾಡ್ತಾರೆ, ಅಳುವ ಹಾಗೂ ಮಾಡ್ತಾರೆ. ಯಾರು, ಎಂತ ಅಂತ ವಿಚಾರಿಸಲಿಕ್ಕೆ ಹೋಗಬೇಡ. ಮಾತು ಬೆಳೆದರೆ ನೀನು ಕರಗ್ತಿ. ಬೇಡ, ಅಷ್ಟೇ.”

ಎಲ್ಲರೂ ಫೋನಿನ ಸುತ್ತ ಕುಳಿತರು. ಮಾವ್ಶಿ ಜಪಸರ ಹಿಡಿದರು. ಬಿಸಿಲು ಇಳಿದು ಅಂಗಳದ ತೆಂಗಿನ ಬುಡಕ್ಕೆ ಬಂದ ಹೊತ್ತಿಗೆ, ಸಂಜೆಗೆ ಇನ್ನೂ ಸ್ವಲ್ಪ ಇರುವಾಗಲೇ, ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಕೊಂಕಣಿಯಲ್ಲ, ಕನ್ನಡ ಮಾತಾಡುವ ಹೆಣ್ಣು ಸ್ವರ.

“ನಮಸ್ಕಾರ್ರಿ. ಅಲೆಕ್ಸಾಂಡರ್ ಸರ್ ಏನ್ರಿ?”

“ಹೌದು.”

“ಅದಽ, ಆ ವಿಷಯ ಮುಂದುವರಿಸೋಣೇನು ಅಂತ ನಿಮ್ಮ ಒಪ್ಪಿಗಿ ಕೇಳಾಕ ಮಾಡೀನ್ರಿ.”

ರಾಯರು ಮುಷ್ಟಿ ಬಿಗಿದು ತೋರಿಸಿದರು. ಅಲೆಕ್ಸ ಎದೆ ಉಬ್ಬಿಸಿದ.

“ಬೇಡ.”

“ಬ್ಯಾಡ್ರೀ? ಯಾಕ್ರಿ ಸರ್? ಮೊದಲ ನೀವು ಒಪ್ಪೀರಿ ಅಂದಿದ್ರಲ್ರಿ?”

“ಒಪ್ಪಿದ್ದಲ್ಲ. ನಾನು ಬೇರೆಯವರಿಗೆ ಅಂತ ಹೋದದ್ದು, ಇದು ಬಂದು ನನಗೆ ಅಂಟಿಕೊಂಡಿತು.”

“ಅಂಟಿಕೊಂಡಿತೇನ್ರಿ?”

“ಹೆಬ್ಬೆರಳು ತಾಗಿ ಆದದ್ದು. ಇದರಿಂದ ಊರಿನಲ್ಲಿ ನನ್ನ ಮರ್ಯಾದೆ ಹೋಗಿದೆ. ಸತ್ತವರ ಮನೆಯವರೂ ನಗ್ತಾರೆ. ಬೇಕಾದರೆ ಬೇರೆ ಯಾರಿಗಾದರೂ ಕೊಡಿ. ನನಗೆ ಬೇಡ. ಜೀವಮಾನ ಪೂರ್ತಿ ಬೇಡ!”

“ಇನ್ನೊಮ್ಮೆ ಕೇಳಿದರೆ ಕೋರ್ಟಿಗೆ ಎಳೀತೇನೆ ಅಂತ ಹೇಳು,” ಎಂದು ರಾಯರು ಪಿಸುಗುಟ್ಟಿದರು.

“ಇನ್ನೊಮ್ಮೆ ಕೇಳಿದರೆ ಕೋರ್ಟಿಗೆ ಎಳೀತೇನೆ!”

ಫೋನು ಕಟ್ಟಾಯಿತು. ಕೊಟ್ಟಿಗೆಯಲ್ಲಿ ಜಯಕಾರ. ರಾಯರು ಅಲೆಕ್ಸನನ್ನು ಅಪ್ಪಿಕೊಂಡರು. ಗುರಲಿಂಗಪ್ಪ ಒಂದು ಪೆಟ್ಟಿಗೆಯ ಮುಚ್ಚಳವನ್ನೇ ಡೋಲು ಮಾಡಿ ಬಾರಿಸಿದ. ಮಾವ್ಶಿ ಉಳಿದ ಬಜೆ ಬಿಸಿ ಮಾಡಿ ತರುತ್ತೇನೆಂದು ಮನೆಗೆ ಓಡಿದರು. ಅಲೆಕ್ಸ ಜೀವನದಲ್ಲಿ ಮೊದಲ ಸಲ ಕಾಲಿನ ಮೇಲೆ ಕಾಲು ಹಾಕಿ ಕುಳಿತ.

ಅಷ್ಟು ಹೊತ್ತಿಗೆ ಮತ್ತೆ ಫೋನು.

“ನಮಸ್ಕಾರ ಸರ್. ತಮ್ಮ ಹಾಡಿನ ಸೇವೆ ನಿಲ್ಲಿಸುವ ಬಗ್ಗೆ ಖಚಿತಪಡಿಸಲು ಕರೆ ಮಾಡಿದ್ದೇವೆ.”

“ಈಗ ಹೇಳಿದೆನಲ್ಲ ನಿಮ್ಮವರ ಹತ್ತಿರ?”

“ಇಲ್ಲ ಸರ್. ನಮ್ಮ ಕಡೆಯಿಂದ ಇದೇ ಮೊದಲ ಕರೆ.”

ಅಲೆಕ್ಸನ ಮೇಲಿದ್ದ ಕಾಲು ಕೆಳಗೆ ಇಳಿಯಿತು. ಮೊದಲಿನವಳು ಹಾಗಾದರೆ ಯಾರು? ಉತ್ತರ ಕಂಪೌಂಡು ಹಾರಿಯೇ ಬಂತು, ಕೈಯಲ್ಲಿ ಬಜೆಯ ತಟ್ಟೆ ಇಲ್ಲದೆ.

“ಎಂತ ಮಾಡಿದೆ ಪುತಾ!” ಮಾವ್ಶಿಯ ಸ್ವರ ಒಡೆದಿತ್ತು. “ಈಗ ಮಣಿಪಾಲದಿಂದ ನಮ್ಮ ಮನೆಗೆ ಫೋನು ಬಂತು. ವೆರೊನಿಕಾಳಿಗೆ ಡ್ಯೂಟಿ ಬೇಗ ಮುಗಿಯಿತಂತೆ, ತಾನೇ ಮಾತಾಡಲು ನಾಚಿಕೆ ಆಯಿತಂತೆ, ಅದಕ್ಕೆ ಗೆಳತಿ ಸವಿತಾಳಿಂದ ತನ್ನ ಫೋನಿನಲ್ಲೇ ಮಾತಾಡಿಸಿದ್ದಂತೆ. ಆ ಕಡೆಯಿಂದ ಒಪ್ಪಿಗೆ, ನಿನ್ನದು ಕೇಳುವ ಅಂತ. ನೀನು ಅಂಟಿಕೊಂಡಳು ಅಂದಿಯಂತೆ! ಬೇರೆ ಯಾರಿಗಾದರೂ ಕೊಡಿ ಅಂದಿಯಂತೆ! ಕೋರ್ಟು ಯಾಕೆ ಅಂತ ಕೇಳ್ತಾಳೆ ಸವಿತಾ, ನಾನು ಎಂತ ಹೇಳುವುದು?”

ರಾಯರಿಗೆ ಅಂಗಡಿಯಲ್ಲಿ ಗಿರಾಕಿ ಇರುವುದು ತಟ್ಟನೆ ನೆನಪಾಯಿತು. ಅವರು ಹೋದರು.

“ಇನ್ನೂ ಕೇಳು,” ಎಂದರು ಮಾವ್ಶಿ, ಪೆಟ್ಟಿಗೆಯ ಮೇಲೆ ಕುಸಿದು ಕುಳಿತು. “ಹೋದ ಆದಿತ್ಯವಾರ ನೀನು ಇಗರ್ಜಿಯಲ್ಲಿ ಇದ್ದಾಗ ಆ ಹುಡುಗಿ ನಿನಗೆ ಒಂದು ಸಲ ಫೋನು ಮಾಡಿದ್ದಳಂತೆ. ಹಾಡು ಕೇಳಿ ವಾರ್ಡಿನಲ್ಲಿ ನಿಂತು ನಕ್ಕದ್ದೇ ನಕ್ಕದ್ದಂತೆ. ಪೆಟ್ಟಿಗೆ ಮಾಡುವವನು ಇಂಥ ಹಾಡು ಇಟ್ಟುಕೊಂಡಿದ್ದಾನೆ ಅಂದರೆ ಆ ಮನೆಯಲ್ಲಿ ನಗುವಿಗೆ ಕಮ್ಮಿ ಇರಲಿಕ್ಕಿಲ್ಲ, ಅವನನ್ನೇ ಆಗುತ್ತೇನೆ ಅಂದಳಂತೆ. ಹಾಡಿಗೇ ಒಪ್ಪಿದ್ದು ಪುತಾ ಅವಳು!”

ಅಲೆಕ್ಸನ ಕೈಯಲ್ಲಿ ಫೋನು ಇನ್ನೂ ತೆರೆದೇ ಇತ್ತು. ಅದರೊಳಗಿಂದ ಬೆಣ್ಣೆಯ ಸ್ವರ ತಾಳ್ಮೆಯಿಂದ ಕೇಳಿತು. “ಸರ್, ಸೇವೆಯನ್ನು ಮುಂದುವರಿಸಬಹುದೇ?”

ಅಲೆಕ್ಸ ಮುರಿದ ಮಂಚದ ಹಾಗೆ ನೆಲಕ್ಕೆ ಕುಳಿತ. ಆಕಾಶ ನೋಡಿ, “ಆಯ್ತು,” ಎಂದ. “ಎಲ್ಲ ಆಯ್ತು.”

“ಧನ್ಯವಾದಗಳು ಸರ್. ತಮ್ಮ ಒಪ್ಪಿಗೆಯಂತೆ ಹಾಡೂ ಸಲಹೆಗಳೂ ಮುಂದುವರಿಯುತ್ತವೆ. ಶುಭ ಸಂಜೆ.”

ಮಾವ್ಶಿ ಮೂಗು ಒರೆಸಿಕೊಳ್ಳುತ್ತ ಮನೆಗೆ ಹೋದರು. ಕೊಟ್ಟಿಗೆಯಲ್ಲಿ ಅವರಿಬ್ಬರೇ ಉಳಿದರು. ಗುರಲಿಂಗಪ್ಪ ಹೊಟ್ಟು ಗುಡಿಸುತ್ತ, “ಅಕಿ ನಂಬರ್ ನಿಮ್ಮ ಫೋನಿನ್ಯಾಗ ಬಂದೈತಲ್ರಿ ಅಣ್ಣಾರ. ನೀವಽ ಮಾಡಿ ಹೇಳ್ರಿ,” ಎಂದ.

ಅಲೆಕ್ಸ ಹೆಬ್ಬೆರಳನ್ನು ಮಡಚಿ, ಕಿರುಬೆರಳಿನಿಂದ ಆ ನಂಬರನ್ನು ಒತ್ತಿ ಕಿವಿಗೆ ಹಿಡಿದ. ಹಿಡಿದವನು ಹಾಗೆಯೇ ಕಲ್ಲಾದ. ಫೋನಿನೊಳಗೆ ಡೋಲು ಬಡಿಯಿತು.

‘ಏಳ ಏಳ ಗೆಳತಿ, ಎಷ್ಟೊತ್ತು ಮಲಗತಿ…’

ಆದಿತ್ಯವಾರ ನಕ್ಕೂ ನಕ್ಕೂ ವೆರೊನಿಕಾ ಅವನ ಹಾಡಿಗೆ ಸ್ಟಾರ್ ಒತ್ತಿದ್ದಳು. ಬೆರಳು ತಪ್ಪಿ ಅಲ್ಲ, ಬೇಕೆಂದೇ. ಅಲೆಕ್ಸ ತನ್ನ ಹಾಡನ್ನು ಮೊದಲ ಸಲ ಪೂರ್ತಿ ಕೇಳಿದ. ಕೆಟ್ಟದೇನೂ ಇರಲಿಲ್ಲ. ಕೊನೆಗೆ ಫೋನು ಎತ್ತಿದ ಸದ್ದಾಯಿತು. ಅವನು ಬಾಯಿ ತೆರೆಯುವ ಮೊದಲೇ ಆಚೆಯಿಂದ ವೆರೊನಿಕಾಳ ಒಂದೇ ಮಾತು ಬಂತು.

“ಬೇಡ.”

ಕಟ್ಟಾಯಿತು. ಅವನು ಮತ್ತೆ ಮಾಡಿದ. ಮತ್ತೆ ಡೋಲು, ಮತ್ತೆ ಗೆಳತಿ, ಮತ್ತೆ ಬೇಡ.

“ಏನಂದ್ರಿ?” ಎಂದ ಗುರಲಿಂಗಪ್ಪ.

“ಬೇಡ ಅಂತೆ.”

“ಹಾಡು ಐತೇನ್ರಿ ಇನ್ನಾ?”

“ಉಂಟು.”

“ಹಂಗಾರ ಬಿಡ್ರಿ. ಅಕಿ ಇನ್ನಾ ತಗಸಿಲ್ಲ.”

ಅಲೆಕ್ಸ ತಲೆ ಎತ್ತಿದ. ಹೌದಲ್ಲ! ತಿಂಗಳು ಮುಗಿದರೂ ಅದು ತನ್ನಷ್ಟಕ್ಕೇ ಮುಂದುವರಿಯುತ್ತದೆ. ಅದನ್ನು ತೆಗೆಸುವುದೆಂದರೆ ಎಂಥ ಕಷ್ಟ ಎಂಬುದು ಈ ಕರಾವಳಿಯಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ದೇವರೇ, ರಾಯರು ಹೇಳಿದ ದೆಹಲಿಯ ಆ ಕಾನೂನು ಮಣಿಪಾಲಕ್ಕೆ ಮಾತ್ರ ಬೇಗ ತಲುಪದಿರಲಿ ಎಂದು ಬೇಡಿಕೊಂಡು ಅವನು ಮತ್ತೆ ಫೋನು ಹಚ್ಚಿದ.

ಆಗ ಅವನ ಕಿವಿಯ ಹತ್ತಿರವೇ ‘ಟಿಣ್’ ಎಂದಿತು. ಇನ್ನೊಂದು ಪ್ರೇಮ ಸಲಹೆ. ಗುರಲಿಂಗಪ್ಪ ಕೊರಳು ಉದ್ದ ಮಾಡಿ, ಅಕ್ಷರ ಕೂಡಿಸಿ ಓದಿದ.

“‘ಅವಳು ಬೇಡ ಎಂದರೆ, ಮರ್ಯಾದೆಯಿಂದ ಆಯ್ತು ಎನ್ನಿ.’”